ಇಬ್ಬರು ಬಂದ ದಾರಿ: ವಲಸೆ ಸಮುದಾಯಗಳನ್ನು ಹೋಲಿಸುವ ಮೊದಲ ಪಾಠ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಕರ್ನಾಟಕದಿಂದ ಬಂದ ಎರಡು ದೊಡ್ಡ ಬಳಗಗಳನ್ನು ನೀವು ಕಾಣಬಹುದು. ಒಂದು, ಉಡುಪಿ ಮತ್ತು ದಕ್ಷಿಣ ಕನ್ನಡದ ಕರಾವಳಿಯವರದು. ಇನ್ನೊಂದು, ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರದು. ಮೊದಲ ಬಳಗಕ್ಕೆ ಇಂದು ಸ್ವಂತ ಹೋಟೆಲುಗಳಿವೆ, ಸಹಕಾರಿ ಬ್ಯಾಂಕಿದೆ, ಶಾಲೆಗಳಿವೆ, ಸಭಾಭವನಗಳಿವೆ. ಎರಡನೆಯ ಬಳಗದ ದೊಡ್ಡ ಪಾಲು ಕಟ್ಟಡದ ಕೆಲಸದಲ್ಲಿ, ರಸ್ತೆ ಅಗೆಯುವುದರಲ್ಲಿ, ದಿನಗೂಲಿಯ ಮೇಲೆ ಬದುಕುತ್ತಿದೆ. ಇಬ್ಬರೂ ಹೊಟ್ಟೆಪಾಡಿಗೆ ಊರು ಬಿಟ್ಟವರೇ. ಹಾಗಾದರೆ ಈ ಅಂತರ ಎಲ್ಲಿಂದ ಬಂತು?

ಕೂಡಲೇ ಒಂದು ಉತ್ತರ ಹೊಳೆಯುತ್ತದೆ: ಕರಾವಳಿಯವರು ಚುರುಕು, ಆ ಕಡೆಯವರಿಗೆ ಮುಂದೆ ಬರುವ ಹಟವಿಲ್ಲ ಎಂದು. ದಯವಿಟ್ಟು ಈ ಉತ್ತರವನ್ನು ಮೊದಲು ಬದಿಗಿಡಿ. ಖಾರ್‌ಘರಿನ ಬಿಸಿಲಿನಲ್ಲಿ ದಿನವಿಡೀ ಇಟ್ಟಿಗೆ ಹೊರುವ ಹೆಣ್ಣುಮಗಳಿಗಿಂತ ಹೆಚ್ಚು ದುಡಿಯುವವರನ್ನು ನಾನು ಕಂಡಿಲ್ಲ. ಜನರ ಸ್ವಭಾವದಿಂದ ಹೊರಟ ಹೋಲಿಕೆ ನಾಲ್ಕು ಹೆಜ್ಜೆಗೆ ನಿಂತುಬಿಡುತ್ತದೆ. ಅವರು ಬಂದ ದಾರಿಯಿಂದ ಹೊರಟರೆ ಅದು ಬಹಳ ದೂರ ಕರೆದೊಯ್ಯುತ್ತದೆ. ಈ ಲೇಖನದಲ್ಲಿ ನಿಮ್ಮನ್ನು ಆ ದಾರಿಗೆ ಹಚ್ಚುವುದೇ ನನ್ನ ಉದ್ದೇಶ.

ಮೊದಲು ಎರಡು ಪದಗಳು. ‘ವಲಸೆ ಮೂಲದ ಸಮುದಾಯ’ ಎಂದರೆ ಊರು ಬಿಟ್ಟು ಬಂದವರಷ್ಟೇ ಅಲ್ಲ. ಇಲ್ಲೇ ಹುಟ್ಟಿದ ಅವರ ಮಕ್ಕಳೂ ಮೊಮ್ಮಕ್ಕಳೂ ಸೇರಿದ ಬಳಗ. ‘ಸ್ಥಿತಿಗತಿ’ ಎಂದರೆ ಆದಾಯ ಮಾತ್ರವಲ್ಲ. ಎಷ್ಟು ಓದಿದ್ದಾರೆ, ಎಂಥ ಕೆಲಸ ಮಾಡುತ್ತಾರೆ, ಮನೆ ಸ್ವಂತದ್ದೇ, ಹೆಣ್ಣುಮಕ್ಕಳ ಓದು ಎಲ್ಲಿಗೆ ನಿಲ್ಲುತ್ತದೆ, ಕಷ್ಟ ಬಂದಾಗ ಕೈಹಿಡಿಯುವ ಸಂಘವಿದೆಯೇ, ಇವೆಲ್ಲ ಸೇರಿದರೆ ಸ್ಥಿತಿಗತಿ.

ಈಗ ಯಾರನ್ನು ಎಣಿಸಬೇಕು ಎಂಬ ಪ್ರಶ್ನೆ. ಇದು ಸುಲಭವೆಂದು ಕಾಣುತ್ತದೆ, ಆದರೆ ಹೆಚ್ಚಿನ ಹೋಲಿಕೆಗಳು ದಾರಿ ತಪ್ಪುವುದು ಇಲ್ಲೇ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಈ ಅಂಕಿಯನ್ನು ನೀವು ವಲಸೆಗಾರರ ಸಂಖ್ಯೆ ಎಂದುಕೊಂಡರೆ ತಪ್ಪಾಗುತ್ತದೆ. ಗಡಿಯಂಚಿನ ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡಿಗರು ಎಲ್ಲಿಂದಲೂ ಬಂದವರಲ್ಲ, ತಲೆತಲಾಂತರದಿಂದ ಅಲ್ಲಿಯವರೇ. ಇನ್ನು ಕಾರ್ಕಳದಿಂದ ಬಂದ ತುಳು ಮಾತಾಡುವ ಕುಟುಂಬ ಈ 10 ಲಕ್ಷದಲ್ಲಿಲ್ಲ, ತುಳುವಿಗೆ ಬೇರೆ ಲೆಕ್ಕ. ವಿಜಯಪುರದ ತಾಂಡಾದಿಂದ ಬಂದ ಲಂಬಾಣಿ ಕುಟುಂಬವೂ ಇಲ್ಲಿಲ್ಲ, ಜನಗಣತಿ ಲಂಬಾಣಿಯನ್ನು ಹಿಂದಿಯ ಗುಂಪಿಗೆ ಸೇರಿಸುತ್ತದೆ. ಜನಗಣತಿ ಹುಟ್ಟಿದ ಸ್ಥಳವನ್ನೂ ಹಿಂದಿನ ವಾಸಸ್ಥಳವನ್ನೂ ಕೇಳುತ್ತದೆ, ಅಜ್ಜನ ಊರನ್ನು ಕೇಳುವುದಿಲ್ಲ. ಡೊಂಬಿವಲಿಯಲ್ಲಿ ಹುಟ್ಟಿದ ಮೊಮ್ಮಗಳು ವಲಸೆಯ ಲೆಕ್ಕದಿಂದ ಅಲ್ಲಿಗೇ ಮಾಯವಾಗುತ್ತಾಳೆ.

ಈ ತೊಡಕು ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ‘ಆಸ್ಟ್ರಿಯಾ ಮೂಲದವರು’ ಎಂಬ ಗುಂಪಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಆಸ್ಟ್ರಿಯಾ ಎಂಬುದು ದೊಡ್ಡ ಸಾಮ್ರಾಜ್ಯ. ಅಲ್ಲಿಂದ ಹಡಗು ಹತ್ತಿದವರಲ್ಲಿ ಪೋಲಿಷ್, ಚೆಕ್, ಉಕ್ರೇನಿಯನ್, ಯೆಹೂದಿ ಜನರೆಲ್ಲ ಇದ್ದರು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದ ವೈದ್ಯರು, ವಿದ್ವಾಂಸರು ಕೂಡ ಅದೇ ಹೆಸರಿನಡಿ ಸೇರಿದರು. ಆದ್ದರಿಂದ ಒಂದು ಗುಂಪಿನ ಹೆಸರು ಕೇಳಿದ ಕೂಡಲೇ ಅದರೊಳಗೆ ಯಾರ್ಯಾರಿದ್ದಾರೆ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಈಗ ಕರಾವಳಿಗೆ ಹೋಗೋಣ. ಹಳೆಯ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿರಲಿಲ್ಲ, ಮದ್ರಾಸಿಗೆ ಸೇರಿತ್ತು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ತೆರೆಯಿತು. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಆರಂಭವಾಯಿತು. ಬ್ಯಾಂಕುಗಳ ಸಾಲನ್ನು ನೋಡಿ: 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ. ಒಂದೇ ಜಿಲ್ಲೆಯಲ್ಲಿ ಕಾಲು ಶತಮಾನದೊಳಗೆ ಐದು ಬ್ಯಾಂಕುಗಳು ಹುಟ್ಟಿದವು. ಅಕ್ಷರ ಮತ್ತು ಉಳಿತಾಯ, ಎರಡರ ಅಭ್ಯಾಸವೂ ಊರಿನಲ್ಲೇ ಬೆಳೆದಿತ್ತು. ಎಲ್ಲರಿಗೂ ಸಮನಾಗಿ ಸಿಕ್ಕಿತ್ತೆಂದಲ್ಲ. ಹಣ, ಶಿಕ್ಷಣ, ಕಸುಬು, ಪರಿಚಯಗಳ ಈ ಗಂಟನ್ನು ಸಮಾಜ ವಿಜ್ಞಾನದಲ್ಲಿ ‘ಬಂಡವಾಳ’ ಎನ್ನುತ್ತಾರೆ. ಜೇಬು ಬರಿದಾಗಿದ್ದರೂ ಮನುಷ್ಯ ಇಂಥ ಬಂಡವಾಳ ಹೊತ್ತು ಬರಬಲ್ಲ.

ಇವರು ಮುಂಬಯಿಯಲ್ಲಿ ಹಿಡಿದ ಹೋಟೆಲ್ ಕೆಲಸದ ಒಳಗುಟ್ಟನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನನ್ನ ಮಟ್ಟಿಗೆ ಇಡೀ ಹೋಲಿಕೆಯ ಕೀಲಿ ಇಲ್ಲಿದೆ. ಊರಿನಿಂದ ಹುಡುಗ ಒಬ್ಬನೇ ಬರುತ್ತಿದ್ದ. ಕರೆಸಿಕೊಂಡವನು ಮಾವನೋ ನೆರೆಮನೆಯವನೋ ಆಗಿರುತ್ತಿದ್ದ. ಒಬ್ಬನ ಹಿಂದೆ ಇನ್ನೊಬ್ಬ ಹೀಗೆ ಬರುವುದಕ್ಕೆ ‘ಸರಪಳಿ ವಲಸೆ’ ಎಂದು ಹೆಸರು. ಹೋಟೆಲಿನಲ್ಲೇ ಊಟ, ರಾತ್ರಿ ಮೇಜು ಒತ್ತರಿಸಿ ಅಲ್ಲೇ ನಿದ್ದೆ. ಬಾಡಿಗೆಯಿಲ್ಲ, ಅಡುಗೆಯ ಖರ್ಚಿಲ್ಲ, ಸಂಬಳ ಸಣ್ಣದಾದರೂ ಉಳಿಯುತ್ತಿತ್ತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ತೆರೆದುಕೊಳ್ಳುತ್ತಿದ್ದುದು ಇಂಥ ಹುಡುಗರ ಬಿಡುವಿನ ವೇಳೆಗೇ. ಲೋಟ ತೊಳೆಯುವವನು ಸಪ್ಲಾಯರ್ ಆದ, ಆಮೇಲೆ ಗಲ್ಲೆಯಲ್ಲಿ ಕೂತ, ಆಮೇಲೆ ಯಾರದೋ ಹೋಟೆಲನ್ನು ‘ಕಂಡಕ್ಟಿಂಗ್’ಗೆ ಪಡೆದ. ಅಂದರೆ ಮಾಲೀಕನಿಗೆ ತಿಂಗಳಿಗಿಷ್ಟು ಎಂದು ಕೊಟ್ಟು ವ್ಯಾಪಾರವನ್ನು ತಾನೇ ನಡೆಸಿದ. ಹೋಟೆಲು ಕೊಳ್ಳುವಷ್ಟು ದುಡ್ಡಿಲ್ಲದವನೂ ಮಾಲೀಕನ ಕೆಲಸ ಕಲಿಯಲು ಇದು ದಾರಿಯಾಯಿತು. ಎಲ್ಲರೂ ಕೊನೆಯ ಮೆಟ್ಟಿಲು ಹತ್ತಲಿಲ್ಲ, ಆದರೆ ಮೆಟ್ಟಿಲುಗಳಂತೂ ಇದ್ದವು.

ಜೊತೆಗೆ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಶನ್ 1932ರದು. ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು ಹುಟ್ಟುಹಾಕಿತು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸುತ್ತದೆ. ಈ ಹೆಸರುಗಳನ್ನು ನೋಡಿದರೇ ಕರಾವಳಿ ಒಂದೇ ಸಮುದಾಯವಲ್ಲ ಎಂದು ನಿಮಗೆ ತಿಳಿಯುತ್ತದೆ. ಭೂಮಿಯ ಒಡೆತನವಿದ್ದ ಮನೆತನಗಳು, ಗೇಣಿದಾರರು, ಮೀನುಗಾರರು, ಶೇಂದಿ ಇಳಿಸುವ ಮೂರ್ತೆದಾರರು, ದಲಿತರು ಬೇರೆ ಬೇರೆ ಮೆಟ್ಟಿಲಿನಿಂದ ಹೊರಟವರು. 1974ರ ಭೂಸುಧಾರಣೆ ಗೇಣಿದಾರರಿಗೆ ಹೊಲ ಕೊಟ್ಟಿತು, ಒಡೆಯರಿಂದ ಹೊಲ ಹೋಯಿತು. ಒಂದೇ ಕಾನೂನು ಎರಡು ಬಗೆಯ ಮನೆಗಳ ಲೆಕ್ಕಾಚಾರವನ್ನು ಬದಲಿಸಿತು.

ಇನ್ನು ಉತ್ತರ ಕರ್ನಾಟಕ. ಇಲ್ಲಿ ಒಂದು ಸಂಗತಿ ನಿಮ್ಮನ್ನು ಅಚ್ಚರಿಗೊಳಿಸಬಹುದು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ರೈಲುಮಾರ್ಗ 1871ರಲ್ಲೇ ರಾಯಚೂರಿನಲ್ಲಿ ಕೂಡಿಕೊಂಡಿತು. ಕಲಬುರಗಿಯಲ್ಲಿ ಹತ್ತಿದವರು ಸೊಲ್ಲಾಪುರ, ಪುಣೆ ದಾಟಿ ನೇರವಾಗಿ ಕಲ್ಯಾಣಕ್ಕೆ ಬಂದಿಳಿಯಬಹುದಿತ್ತು. ಕರಾವಳಿಯುದ್ದದ ಕೊಂಕಣ ರೈಲ್ವೆ ಪೂರ್ಣವಾದದ್ದು 1998ರಲ್ಲಿ. ಬಿಜಾಪುರವಂತೂ (ಇಂದಿನ ವಿಜಯಪುರ) 1956ರವರೆಗೆ ಮುಂಬಯಿ ಆಡಳಿತದಲ್ಲೇ ಇತ್ತು. ರೈಲೂ ಹತ್ತಿರ, ಬಿಜಾಪುರದವರಿಗೆ ಸರ್ಕಾರವೂ ಒಂದೇ, ಆದರೂ ಇವರೇ ಹಿಂದೆ ಉಳಿದರು. ದಾರಿಯ ದೂರವೊಂದೇ ಯಾರ ಹಣೆಬರಹವನ್ನೂ ತೀರ್ಮಾನಿಸುವುದಿಲ್ಲ.

ಊರಿನಲ್ಲಿ ಏನಿತ್ತೆಂದು ನೋಡಿ. ಮಳೆ ನೆಚ್ಚಿದ ಬೇಸಾಯ, ಮತ್ತೆ ಮತ್ತೆ ಬರ. 1876–78ರ ಕ್ಷಾಮ ಬಿಜಾಪುರವನ್ನು ನುಚ್ಚುನೂರು ಮಾಡಿತು. ಕಲಬುರಗಿ, ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಆಡಳಿತವೆಲ್ಲ ಉರ್ದುವಿನಲ್ಲಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ 39 ತಾಲೂಕುಗಳನ್ನು ‘ಅತ್ಯಂತ ಹಿಂದುಳಿದ’ವು ಎಂದು ಗುರುತಿಸಿತು. ಅವುಗಳಲ್ಲಿ 21 ಗುಲ್ಬರ್ಗ (ಇಂದಿನ ಕಲಬುರಗಿ) ವಿಭಾಗದವು. 2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88ರ ಮೇಲಿದ್ದರೆ ಯಾದಗಿರಿಯದು ಶೇ. 52ರ ಆಸುಪಾಸು. ಹೊರಡುವಾಗಲೇ ಇಷ್ಟು ಅಂತರವಿತ್ತು.

ಆ ಕಡೆ ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ‘ಗುಳೆ’ ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಹೋಗಿ ಮುಂಗಾರಿಗೆ ಮರಳುವುದು ಅದರ ಹಳೆಯ ಕ್ರಮ. ಗುಳೆ ಹೋಗುವವರು ಒಬ್ಬೊಬ್ಬರಾಗಿ ಹೋಗುವುದು ಕಡಿಮೆ, ಗಂಡ, ಹೆಂಡತಿ, ಮಕ್ಕಳು ಕೂಡಿಯೇ ಹೊರಡುತ್ತಾರೆ. ಎಷ್ಟೋ ಸಲ ಮುಕಾದಮ, ಅಂದರೆ ಆಳುಗಳನ್ನು ಕೂಡಿಸಿ ತರುವವನು, ಕೊಟ್ಟ ಮುಂಗಡ ತೀರಿಸುವುದಕ್ಕೇ ಹೊರಟಿರುತ್ತಾರೆ. ಕೆಲಸದ ಜಾಗದಲ್ಲಿ ತಗಡಿನ ಶೆಡ್ಡು. ಕಟ್ಟಡ ಮುಗಿದರೆ ಶೆಡ್ಡೂ ಮುಗಿಯಿತು. ಥಾಣೆಯ ಘೋಡ್‌ಬಂದರ್ ರಸ್ತೆಯಿಂದ ಉಲ್ವೆಗೆ, ಅಲ್ಲಿಂದ ಮತ್ತೊಂದು ಕಡೆಗೆ. ಮಗುವಿನ ಶಾಲೆ ಪ್ರತಿ ಸಲವೂ ತುಂಡಾಗುತ್ತದೆ. ಮುಂಬಯಿ ಕಡೆ ‘ಬಿಗಾರಿ’ ಎಂದು ಕರೆಯುವ ಸಹಾಯಕ ಕೂಲಿಯವನು ಗೌಂಡಿಯಾಗಬಹುದು. ಗೌಂಡಿ ಗುತ್ತಿಗೆದಾರನಾಗಲು ಬೇಕಾದ ಹಣ ಮತ್ತು ಪರಿಚಯ ಸಿಗುವುದು ಅಪರೂಪ. ಹೆಣ್ಣುಮಕ್ಕಳಿಗಂತೂ ಹೊರುವ ಕೆಲಸದಿಂದ ಮೇಲಿನ ಮೆಟ್ಟಿಲೇ ಇಲ್ಲ. ಹೋಟೆಲಿನ ಹುಡುಗನಿಗೆ ಕೆಲಸವೇ ಮನೆಯನ್ನೂ ಓದಿನ ಬಿಡುವನ್ನೂ ಕೊಟ್ಟಿತು. ಕಟ್ಟಡದ ಕೆಲಸ ಮನೆಯನ್ನು ಪದೇ ಪದೇ ಕಿತ್ತುಕೊಂಡಿತು. ಇಬ್ಬರ ಶ್ರಮವೂ ಒಂದೇ ತೂಕದ್ದು, ಶ್ರಮ ಕೂಡಿಬೀಳುವ ಪಾತ್ರೆ ಮಾತ್ರ ಬೇರೆ.

ಕಾನೂನಿನ ಬಾಗಿಲುಗಳನ್ನೂ ನೋಡಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಗೆ ಸೇರಿದ್ದಾರೆ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಒಂದು ರಾಜ್ಯದ ಪರಿಶಿಷ್ಟ ಜಾತಿಯವರು ವಲಸೆ ಹೋದ ರಾಜ್ಯದಲ್ಲಿ ಅದೇ ಸೌಲಭ್ಯ ಕೇಳಲಾಗದು ಎಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಗಡಿ ದಾಟಿದ ಕುಟುಂಬದ ಕೈಯಲ್ಲಿರುವ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ 1996ರಲ್ಲೇ ಕಾಯ್ದೆ ಬಂತು. ಆದರೆ ಸೌಲಭ್ಯಕ್ಕೆ ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದಕ್ಕೆ ಪುರಾವೆ ಬೇಕು. ಬೆಳಗ್ಗೆ ನಾಕಾದಲ್ಲಿ, ಅಂದರೆ ಕೂಲಿಗೆ ಕರೆಯುವವರನ್ನು ಕಾಯುವ ರಸ್ತೆ ಕೂಡುವ ಜಾಗದಲ್ಲಿ, ನಿಂತು ದಿನಕ್ಕೊಬ್ಬ ಮಾಲೀಕನ ಬಳಿ ದುಡಿಯುವವನಿಗೆ ಆ ಪುರಾವೆಯನ್ನು ಯಾರು ಬರೆದುಕೊಡಬೇಕು? ಕೊಳೆಗೇರಿ ಪುನರ್ವಸತಿಯಲ್ಲಿ ಉಚಿತ ಮನೆಗೆ 2000ದ ಜನವರಿ 1ಕ್ಕೆ ಮುಂಚಿನ ವಾಸದ ದಾಖಲೆ ಬೇಕು. ಅಪ್ಪ ಬಂದ ಇಸವಿಯ ಮೇಲೆ ಮಗನ ಸೂರು ನಿಂತಿದೆ.

ಇಸವಿಯ ಮಾತಿಗೆ ಕ್ಯೂಬಾದ ಉದಾಹರಣೆ ಒಪ್ಪುತ್ತದೆ. 1959ರ ಕ್ರಾಂತಿಯ ನಂತರ ಕ್ಯೂಬಾದಿಂದ ಅಮೆರಿಕದ ಮಯಾಮಿಗೆ ಮೊದಲು ಬಂದವರಲ್ಲಿ ಉದ್ಯಮಿಗಳು, ವೃತ್ತಿಪರರು ಹೆಚ್ಚು. ಅವರಿಗೆ ಕಾಯಂ ವಾಸದ ದಾರಿ ತೆರೆಯಲು 1966ರಲ್ಲಿ ವಿಶೇಷ ಕಾನೂನೇ ಬಂತು. 1980ರಲ್ಲಿ ಮಾರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1,25,000 ಜನ ಬಂದರು, ಅವರಲ್ಲಿ ಕೂಲಿಯವರು ಹೆಚ್ಚು. ದೇಶ ಒಂದೇ, ಭಾಷೆ ಒಂದೇ, ಸೇರಿದ ಊರೂ ಒಂದೇ, ಆದರೆ ಎರಡು ಅಲೆಗಳ ಸ್ಥಿತಿಗತಿ ಬೇರೆ. ಯಾರು ಹೊರಡುತ್ತಾರೆ, ಯಾರು ಊರಲ್ಲೇ ಉಳಿಯುತ್ತಾರೆ ಎಂಬುದನ್ನು ‘ಆಯ್ಕೆ’ ಎನ್ನುತ್ತಾರೆ. ಹಿಂದೆ ಹೇಳಿದ ಬಂಡವಾಳದ ಮಾತಿಗೆ ಕಲ್ಯಾಣದ ಪಕ್ಕದ ಉಲ್ಲಾಸನಗರವನ್ನೂ ನೆನೆಯಿರಿ. ದೇಶ ವಿಭಜನೆಯಲ್ಲಿ ಆಸ್ತಿಯೆಲ್ಲ ಕಳೆದುಕೊಂಡ ಸಿಂಧಿಗಳು ಅಲ್ಲಿನ ಮಿಲಿಟರಿ ಶಿಬಿರಗಳಿಗೆ ಬಂದರು. ವ್ಯಾಪಾರದ ತಿಳಿವಳಿಕೆ ಮಾತ್ರ ಅವರ ಜೊತೆಗೇ ಬಂದಿತ್ತು.

ಹಾಗಾದರೆ ನ್ಯಾಯವಾದ ಹೋಲಿಕೆ ಯಾವುದು? 1940ರಲ್ಲಿ ಬಂದವನ ಮೊಮ್ಮಗನನ್ನು 2005ರಲ್ಲಿ ಬಂದವನ ಎದುರು ನಿಲ್ಲಿಸಬೇಡಿ. ಮೊದಲ ತಲೆಮಾರನ್ನು ಮೊದಲ ತಲೆಮಾರಿನೊಡನೆ, ಎರಡನೆಯದನ್ನು ಎರಡನೆಯದರೊಡನೆ ನೋಡಿ. ಪ್ರತಿ ಬಳಗವನ್ನೂ ಅದರ ಊರಿನಲ್ಲೇ ಉಳಿದವರೊಡನೆ ಹೋಲಿಸಿ. ಅಂಗನವಾಡಿಯನ್ನೂ ಕಾಣದ ತಾಯಿಯ ಮಗಳು ಕಲ್ಯಾಣದ ಮರಾಠಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ್ದರೆ, ಅವಳು ದಾಟಿದ ದೂರ ಹೋಟೆಲ್ ಮಾಲೀಕನ ಮಗಳು ಎಂಜಿನಿಯರ್ ಆದದ್ದಕ್ಕಿಂತ ಕಡಿಮೆಯಲ್ಲ. ಸರಾಸರಿಯನ್ನೂ ಸುಲಭವಾಗಿ ನಂಬಬೇಡಿ. ಹತ್ತು ದೊಡ್ಡ ಉದ್ಯಮಿಗಳು ಇಡೀ ಸಮುದಾಯದ ಸರಾಸರಿಯನ್ನು ಎತ್ತಿಬಿಡುತ್ತಾರೆ. ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿ ನಟ್ಟನಡುವಿನವನ ಆದಾಯ ನೋಡಿದರೆ ನಿಜಸ್ಥಿತಿ ಗೊತ್ತಾಗುತ್ತದೆ, ಅದಕ್ಕೆ ‘ಮಧ್ಯಾಂಕ’ ಎನ್ನುತ್ತಾರೆ. ಸೋತು ಊರಿಗೆ ಮರಳಿದವರನ್ನೂ ಮರೆಯಬೇಡಿ. ಗೆದ್ದವರ ಫೋಟೋ ಸಂಘದ ಗೋಡೆಯ ಮೇಲಿರುತ್ತದೆ, ಮರಳಿದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಇಷ್ಟು ತಿಳಿದ ಮೇಲೆ ನನ್ನ ತೀರ್ಪನ್ನು ಸ್ಪಷ್ಟವಾಗಿ ಹೇಳುತ್ತೇನೆ. ಈ ಎರಡು ಬಳಗಗಳ ನಡುವಿನ ಅಂತರಕ್ಕೆ ಮೊದಲ ಕಾರಣ ಊರಿನಲ್ಲಿ ಸಿಕ್ಕ ಶಾಲೆ, ಎರಡನೆಯದು ಇಲ್ಲಿ ಸಿಕ್ಕ ಕೆಲಸದ ಬಗೆ, ಮೂರನೆಯದು ಬಂದ ಕಾಲ. ಗುಣ, ಸ್ವಭಾವದ ಮಾತು ಇವುಗಳ ಹತ್ತಿರವೂ ಬರುವುದಿಲ್ಲ. ಕರಾವಳಿಯ ಕಥೆ ಸಂಘಗಳ ಸ್ಮರಣ ಸಂಚಿಕೆಗಳಲ್ಲಾದರೂ ಬರಹಕ್ಕೆ ಬಂದಿದೆ. ನಾಕಾದಲ್ಲಿ ನಿಂತವರ ಕಥೆಯನ್ನು ಬರೆದವರು ತೀರ ಕಡಿಮೆ. ನಿಮಗೆ ಕನ್ನಡ ಬರುತ್ತದೆ, ಅವರಿಗೂ ಬರುತ್ತದೆ. ಯಾವ ಊರು, ಯಾವ ವರ್ಷ ಬಂದಿರಿ, ಯಾರು ಕರೆತಂದರು, ಮೊದಲ ಕೆಲಸ ಏನು, ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳಿ, ಅವರು ಒಪ್ಪಿದರೆ ಬರೆದಿಡಿ. ನಿಮ್ಮ ಮನೆಯ ಹಿರಿಯರಿಂದಲೂ ಇದೇ ಐದು ಉತ್ತರಗಳನ್ನು ಈಗಲೇ ಬರೆಸಿಕೊಳ್ಳಿ.