ಪೀಠಕ್ಕೆ ಹೋಗುವ ಮುನ್ನ ಪಕ್ಕದ ಮನೆಗೆ

ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ ಮೂಡಿಗೆರೆ, ಕಳಸದ ಕಡೆ ಹಳ್ಳದ ನೀರಿಗೆ ಸ್ಪ್ರಿಂಕ್ಲರ್ ಪೈಪುಗಳು ಇಳಿಯುತ್ತವೆ. ನೀರಿನ ಸರದಿಗೋ ಬೇಲಿಯ ಗೆರೆಗೋ ಎದ್ದ ಮಾತು ಅಣ್ಣತಮ್ಮಂದಿರ ನಡುವೆ ವರ್ಷಗಟ್ಟಲೆ ಉಳಿದುಬಿಡುವುದುಂಟು. 1963ರಲ್ಲಿ ರೂಪುಗೊಂಡ ಚಿಕ್ಕಮಗಳೂರು ಧರ್ಮಕ್ಷೇತ್ರದ ಚರ್ಚುಗಳಲ್ಲಿ ತೋಟದ ಮಾಲೀಕರೂ ಕೂಲಿಯವರೂ ಒಂದೇ ಸಾಲಿನಲ್ಲಿ ಪರಮಪ್ರಸಾದಕ್ಕೆ ನಿಲ್ಲುತ್ತಾರೆ. ಮುನಿಸಿಕೊಂಡವರೂ ಅದೇ ಸಾಲಿನಲ್ಲಿರುತ್ತಾರೆ.

ಬಲಿಪೂಜೆಯ ಕ್ರಮವನ್ನೇ ಗಮನಿಸಿ. ಮೊದಲು ಯೇಸು ಕಲಿಸಿದ ಪ್ರಾರ್ಥನೆ. ಅಲ್ಲಿ ನಾವು ಬೇಡುವ ಕ್ಷಮೆ, ನಾವು ಕೊಡುವ ಕ್ಷಮೆಗೆ ಹೆಣೆದುಕೊಂಡಿದೆ. ಆಮೇಲೆ ಶಾಂತಿಯ ವಂದನೆ. ಅನಂತರವೇ ಪ್ರಸಾದ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸೋದರನೊಡನೆ ರಾಜಿಯಾಗಬೇಕೆಂದು ಮತ್ತಾಯನ ಗ್ರಂಥದ 5ನೇ ಅಧ್ಯಾಯ ಹೇಳುತ್ತದೆ. ಕೊರಿಂಥದಲ್ಲಿ ಉಳ್ಳವರು ಉಂಡು ಇಲ್ಲದವರು ಹಸಿದಾಗ, ಅದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲ ಗದರಿದ.

ಆದ್ದರಿಂದ ಶನಿವಾರ ಸಂಜೆಯೇ ಒಂದು ಹೆಜ್ಜೆ ಇಡಿ. ಫೋನು ಮಾಡಿ, ಇಲ್ಲವೇ ಬೇಲಿ ದಾಟಿ ಹೋಗಿ ಕುಶಲ ಕೇಳಿ. ಮಾಲೀಕರಾಗಿದ್ದರೆ ಕೂಲಿಯವರ ಲೈನ್ ಮನೆಯ ಬಾಗಿಲಿಗೂ ಹೋಗಿ; ಬೈದ ಮಾತಿಗೆ ಕ್ಷಮೆ ಕೇಳಿದರೆ ತೋಟವೇನೂ ಕಿರಿದಾಗದು. ಹೊಡೆತಕ್ಕೆ, ಮೋಸಕ್ಕೆ ಸಿಕ್ಕವರು ಹಗೆ ಬಿಟ್ಟರೂ ನ್ಯಾಯ ಕೇಳುವುದನ್ನು ಬಿಡಬೇಕಿಲ್ಲ. ಮನಸ್ಸು ಇನ್ನೂ ಒಪ್ಪದಿದ್ದರೆ, ನೋಯಿಸಿದವರ ಹೆಸರು ಹಿಡಿದು ಪ್ರಾರ್ಥಿಸುವುದರಿಂದ ಆರಂಭಿಸಿ. ಮುರಿದ ರೊಟ್ಟಿಯನ್ನು ಹಂಚಿಕೊಳ್ಳುವವರು ಮುರಿದ ಮಾತನ್ನೂ ಜೋಡಿಸಿಕೊಳ್ಳಬೇಕಲ್ಲವೇ?