ತರಗತಿಯ ಮೀನುತೊಟ್ಟಿಗೆ ಶೋಧಕ

ಉದ್ದೇಶ: ತಿಳಿಯಾದ ನೀರೆಲ್ಲವೂ ಶುದ್ಧವಲ್ಲ ಎಂಬುದನ್ನು ವಿದ್ಯಾರ್ಥಿಗಳು ಪ್ರತ್ಯಕ್ಷವಾಗಿ ಅರಿಯುವುದು.

ಹೊಸ ತೊಟ್ಟಿಗೆ ಬಿಟ್ಟ ಗಪ್ಪಿ ಮೀನುಗಳು ಕೆಲವೇ ದಿನಗಳಲ್ಲಿ ಸಾಯುವುದುಂಟು. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯ ಕಣ್ಣಿಗೆ ಕಾಣದು. ಶೋಧಕವು ಕಸವನ್ನು ಹಿಡಿಯುವುದಲ್ಲದೆ ಉಪಯುಕ್ತ ಬ್ಯಾಕ್ಟೀರಿಯಾಗಳಿಗೆ ನೆಲೆಯಾಗುತ್ತದೆ. ಅವು ಅಮೋನಿಯವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ.

ವಿಧಾನ:

1. ಸ್ಪಂಜು ಶೋಧಕವನ್ನು ತೊಟ್ಟಿಯ ತಳದಲ್ಲಿರಿಸಿ, ಕೊಳವೆಯಿಂದ ಗಾಳಿಪಂಪಿಗೆ ಜೋಡಿಸಿರಿ.

2. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿರಿ. ಇಲ್ಲವಾದರೆ ವಿದ್ಯುತ್ ನಿಂತಾಗ ನೀರು ಹಿಮ್ಮುಖವಾಗಿ ಹರಿದು ಪಂಪನ್ನು ಸೇರಬಹುದು.

3. ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆವರೆಗೆ ಎರಡು ಮೂರು ಮೀನುಗಳು ಸಾಕು, ಆಹಾರವು ಮಿತವಾಗಿರಲಿ, ಆಗಾಗ ಕಾಲುಭಾಗ ನೀರನ್ನು ಬದಲಿಸಿರಿ.

4. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಿರಿ. ನಲ್ಲಿನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

5. ಶಾಲೆ ಮುಚ್ಚುವಾಗ ಪಂಪನ್ನು ನಿಲ್ಲಿಸಬಾರದು. ಆಮ್ಲಜನಕದ ಕೊರತೆಯಿಂದ ಈ ಬ್ಯಾಕ್ಟೀರಿಯಾಗಳು ನಾಶವಾಗುತ್ತವೆ.

ಭಾಷಾಭ್ಯಾಸ: ಶೋಧಕ, ವಿಸರ್ಜನೆ, ಪರಿವರ್ತನೆ ಎಂಬ ಪದಗಳನ್ನು ಬಳಸಿ ವಿದ್ಯಾರ್ಥಿಗಳು ಪ್ರತಿದಿನ ವೀಕ್ಷಣಾ ದಿನಚರಿಯನ್ನು ಬರೆಯಲಿ. ಮನೆಮಾತು ಬೇರೆಯಾಗಿರುವ ಮಕ್ಕಳು ಅಲ್ಲಿನ ಸಮಾನಪದಗಳನ್ನೂ ಪಕ್ಕದಲ್ಲಿ ಬರೆಯಲಿ.

ಚರ್ಚೆಗೆ: ಹೊಚ್ಚಹೊಸ ಸ್ಪಂಜಿಗಿಂತ ಒಂದು ತಿಂಗಳು ಬಳಸಿದ ಸ್ಪಂಜು ಮೀನಿಗೆ ಹೆಚ್ಚು ಹಿತಕರವೇಕೆ?