ಕುಣಿಕೆಯ ಲೆಕ್ಕ

ಕಾರ್ತಿಕ ಮಾಸ ಕಳೆಯುತ್ತಿದ್ದಂತೆ ಬೇಲೂರು, ಹಳೇಬೀಡುಗಳ ಸುತ್ತಿನ ಊರುಗಳಲ್ಲಿ ಬೆಳಗಿನ ಚಳಿ ಬಲವಾಗುತ್ತದೆ. ಈ ನಾಡಿಗೆ ಉಣ್ಣೆ ಹೊಸದಲ್ಲ. ಕಂಬಳಿ ನೇಯುವ ಕಸುಬು ಕುರುಬ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ದಖ್ಖನಿನ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದು ಒಗ್ಗುತ್ತದೆ, ಮಕ್ಕಳ ಕತ್ತಿಗೆ ಚುಚ್ಚುತ್ತದೆ. ಆದುದರಿಂದ ಸ್ವೆಟರು ಹೆಣೆಯುವವರು ಲೂಧಿಯಾನದಂತಹ ಊರುಗಳ ಗಿರಣಿಗಳಿಂದ ಬರುವ ಮೆದುವಾದ ನೂಲನ್ನು ಅಂಗಡಿಯಿಂದ ಕೊಳ್ಳುತ್ತಾರೆ.

ಹಳೇಬೀಡಿನ ಬಳಿಯ ಊರೊಂದರಲ್ಲಿ ಒಬ್ಬ ತಾಯಿ ಇದ್ದಾಳೆಂದು ಭಾವಿಸೋಣ. ಅವಳ ಮಗಳು ನಸುಕಿನ ಬಸ್ಸು ಹತ್ತಿ ಬೇಲೂರಿನ ಶಾಲೆಗೆ ಹೋಗುವವಳು. ಅವಳಿಗಾಗಿ ಎದೆಯ ಮೇಲೆ ಹಂಸಗಳ ಸಾಲಿರುವ ಸ್ವೆಟರೊಂದನ್ನು ಹೆಣೆಯಬೇಕೆಂದು ತಾಯಿಯ ಆಸೆ. ಹೆಣಿಗೆಯ ಪುಸ್ತಕದಲ್ಲಿ ಅದರ ಮಾದರಿಯಿದೆ. ಆದರೆ ಅದು ಸಣ್ಣ ನೂಲಿಗಾಗಿ ಬರೆದದ್ದು. ಅರಸೀಕೆರೆಯ ಪೇಟೆಯಲ್ಲಿ ಅವಳಿಗೆ ದೊರೆತದ್ದು ದಪ್ಪ ನೂಲು. ಅದನ್ನೇ ಕೊಂಡು ತಂದಿದ್ದಾಳೆ. ಇನ್ನೊಮ್ಮೆ ಕೊಳ್ಳುವಷ್ಟು ಹಣವಿಲ್ಲ. ತಪ್ಪಿದರೆ ಬಿಚ್ಚಬಹುದು, ನಿಜ. ಆದರೆ ಹದಿನೈದು ಸಂಜೆಗಳ ದುಡಿಮೆ ಹಿಂದಿರುಗುವುದಿಲ್ಲ, ಚಳಿಯೂ ಕಾಯುವುದಿಲ್ಲ.

ಪುಸ್ತಕದ ಮಾದರಿಯಲ್ಲಿ ಮುಂಭಾಗಕ್ಕೆ ೧೧೨ ಕುಣಿಕೆಗಳನ್ನು ಹಾಕಬೇಕೆಂದಿದೆ. ಸಣ್ಣ ನೂಲಿನಲ್ಲಿ ಅಂಗುಲಕ್ಕೆ ೭ ಕುಣಿಕೆ ಕೂರುತ್ತವೆ; ಆದ್ದರಿಂದ ಅಗಲ ೧೬ ಅಂಗುಲ. ದಪ್ಪ ನೂಲಿನಲ್ಲಿ ಅಂಗುಲಕ್ಕೆ ೫ ಕುಣಿಕೆ ಮಾತ್ರ. ಅದೇ ೧೧೨ ಕುಣಿಕೆಗಳನ್ನು ಹಾಕಿದರೆ ಅಗಲ ೨೨ ಅಂಗುಲವನ್ನು ಮೀರುತ್ತದೆ. ಹಿಂಭಾಗವೂ ಹಾಗೆಯೇ ಆದರೆ ಸುತ್ತಳತೆ ೩೨ ಅಂಗುಲದ ಬದಲು ಸುಮಾರು ೪೫ ಅಂಗುಲವಾಯಿತು! ಅದು ಮಗಳಿಗಲ್ಲ, ತಂದೆಗೂ ದೊಗಳೆಯಾದೀತು.

“ಅಮ್ಮ, ಪುಸ್ತಕದಲ್ಲಿ ೧೧೨ ಎಂದೇ ಇದೆಯಲ್ಲ?” ಎಂದು ಮಗಳು ಕೇಳಿದರೆ ಆಶ್ಚರ್ಯವಿಲ್ಲ. ಮಾದರಿಯೊಂದರಲ್ಲಿ ಎಣಿಕೆಯೂ ಇರುತ್ತದೆ, ಅಳತೆಯೂ ಇರುತ್ತದೆ. ನೂಲು ಬದಲಾದಾಗ ಎರಡನ್ನೂ ಉಳಿಸಿಕೊಳ್ಳಲಾಗುವುದಿಲ್ಲ. ಯಾವುದನ್ನು ಬಿಡಬೇಕೆಂಬುದು ಕೆಲಸದ ಸ್ವರೂಪವನ್ನು ಅವಲಂಬಿಸಿದೆ.

ಧಾರವಾಡದ ಕಡೆಯ ಕಸೂತಿಯನ್ನು ನೋಡಬಹುದು. ಅಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಒರಟು ಬಟ್ಟೆಯ ಮೇಲೆ ಅದೇ ಗೋಪುರ ದೊಡ್ಡದಾಗಿ ಬರುತ್ತದೆ, ನಯವಾದ ಬಟ್ಟೆಯ ಮೇಲೆ ಚಿಕ್ಕದಾಗಿ. ಎಣಿಕೆ ನಿಲ್ಲುತ್ತದೆ, ಅಳತೆ ಮಣಿಯುತ್ತದೆ. ಮೂರ್ತಿಶಿಲ್ಪದ ತಾಲಮಾನವೂ ಇಂಥದೇ. ಮುಖದ ಉದ್ದವೇ ಅಲ್ಲಿ ಮಾನ. ನವತಾಲದ ಮೂರ್ತಿ ಆಳೆತ್ತರವಿರಲಿ ಗೇಣುದ್ದವಿರಲಿ, ಒಂಬತ್ತು ಮುಖಗಳಷ್ಟೇ ಇರುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯ ೧೧೧೭ರದು, ಅರಸೀಕೆರೆಯ ಈಶ್ವರ ದೇವಾಲಯ ೧೨೨೦ರದು. ನೂರು ವರ್ಷಗಳಿಗೂ ಮಿಗಿಲಾದ ಅಂತರವಿದ್ದರೂ ಶಿಲ್ಪಿಗಳಿಗೆ ಇಂತಹ ಮಾನಗಳು ಕೈವಶವಾಗಿದ್ದುವು.

ಸ್ವೆಟರಿನ ವಿಷಯ ಬೇರೆ. ಅದನ್ನು ತೊಡುವ ಮೈ ನೂಲಿಗೆ ತಕ್ಕಂತೆ ಹಿಗ್ಗುವುದಿಲ್ಲ. ಇಲ್ಲಿ ಅಳತೆ ನಿಲ್ಲಬೇಕು, ಎಣಿಕೆ ಮಣಿಯಬೇಕು.

ಅಂಗುಲಕ್ಕೆ ೫ ಕುಣಿಕೆ ಎಂಬುದು ತಿಳಿಯುವುದು ಹೇಗೆ? ಊಹೆಯಿಂದಲ್ಲ. ಕೊಂಡ ನೂಲಿನಿಂದಲೇ, ಹೆಣೆಯಬೇಕೆಂದಿರುವ ಕಡ್ಡಿಯಿಂದಲೇ ಐದಾರು ಅಂಗುಲದ ಚೌಕವೊಂದನ್ನು ಹೆಣೆದು, ಒಗೆದು, ಎಳೆಯದೆ ನೆರಳಿನಲ್ಲಿ ಹರಡಿ ಒಣಗಿಸಬೇಕು. ಅಂಚುಗಳು ಸುರುಳಿಕೊಳ್ಳುವುದರಿಂದ ನಡುವಿನ ನಾಲ್ಕು ಅಂಗುಲವನ್ನಷ್ಟೇ ಅಳೆದು ಕುಣಿಕೆಗಳನ್ನು ಎಣಿಸಬೇಕು. (ಹಳೆಯ ಕ್ರಮದಲ್ಲಿ ಕಡ್ಡಿಯ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣದು, ೧೦ನೆಯ ಸಂಖ್ಯೆಯದು ೮ನೆಯದಕ್ಕಿಂತ ತೆಳು. ಹೊಸಬರು ಇಲ್ಲಿಯೇ ಎಡವುತ್ತಾರೆ.) ಅವಸರದವರಿಗೆ ಈ ಚೌಕ ದಂಡವೆನಿಸುತ್ತದೆ. ಆದರೆ ೫ ಎಂದು ಬಗೆದದ್ದು ನಿಜವಾಗಿ ಐದೂವರೆ ಆಗಿದ್ದರೆ, ೮೦ ಕುಣಿಕೆಗಳ ಅಗಲ ೧೬ ಅಂಗುಲದ ಬದಲು ಹದಿನಾಲ್ಕೂವರೆಗೆ ಇಳಿಯುತ್ತದೆ. ಸುತ್ತಳತೆಯಲ್ಲಿ ೩ ಅಂಗುಲ ಕಡಿಮೆ. ಅರ್ಧ ಕುಣಿಕೆಯ ಉದಾಸೀನಕ್ಕೆ ಸ್ವೆಟರು ಕೊರಳಿನಿಂದ ಇಳಿಯುವುದೇ ಇಲ್ಲ.

ಹಾಗಾದರೆ ೧೬ ಅಂಗುಲಕ್ಕೆ ೮೦ ಕುಣಿಕೆ. ಲೆಕ್ಕ ಇಲ್ಲಿಗೆ ಮುಗಿಯಿತೆನ್ನುವಷ್ಟರಲ್ಲಿ ಹಂಸಗಳು ಅಡ್ಡ ಬರುತ್ತವೆ. ಒಂದು ಹಂಸಕ್ಕೆ ೧೪ ಕುಣಿಕೆ ಬೇಕು. ೧೧೨ರಲ್ಲಿ ಸರಿಯಾಗಿ ಎಂಟು ಹಂಸಗಳಿದ್ದುವು. ೮೦ರಲ್ಲಿ ಐದು ಹಂಸಗಳಾಗಿ ೧೦ ಕುಣಿಕೆ ಉಳಿಯುತ್ತವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಪಟ್ಟಿಕೆಗಳಲ್ಲಿ ಎಲ್ಲಕ್ಕಿಂತ ಮೇಲಿನದು ಹಂಸಗಳ ಸಾಲು. ಆ ಗೋಡೆ ಮಡಿಕೆಮಡಿಕೆಯಾಗಿ ಒಳಸರಿದು ಹೊರಚಾಚಿ ಸಾಗುತ್ತದೆ. ಅಲ್ಲಿನ ಶಿಲ್ಪಿಗೆ ಎಡೆ ಸಾಲದಿದ್ದರೆ ಒಂದು ಹಂಸದ ಬಾಲವನ್ನು ಕೂದಲೆಳೆಯಷ್ಟು ಮೊಟಕಾಗಿಸಬಹುದಿತ್ತು. ಬಳಪದ ಕಲ್ಲು ಉಳಿಯ ಮಾತನ್ನು ಕೇಳುತ್ತದೆ. ಹೆಣೆಯುವವಳಿಗೆ ಆ ಸ್ವಾತಂತ್ರ್ಯವಿಲ್ಲ. ಅರ್ಧ ಕುಣಿಕೆ ಎಂಬುದು ಲೋಕದಲ್ಲಿಯೇ ಇಲ್ಲ.

ಐದು ಹಂಸಗಳನ್ನು ನಡುವೆ ನಿಲ್ಲಿಸಿ ಎರಡು ಅಂಚುಗಳಲ್ಲಿ ಐದೈದು ಕುಣಿಕೆಗಳನ್ನು ಬಯಲಾಗಿ ಬಿಡುವುದು ಒಂದು ದಾರಿ. ೮೪ ಕುಣಿಕೆ ಹಾಕಿ ಆರು ಹಂಸಗಳನ್ನು ಪೂರ್ಣವಾಗಿ ತರುವುದು ಇನ್ನೊಂದು. ಹಿಂಭಾಗವೂ ಅಷ್ಟೇ ಇದ್ದರೆ ಸುತ್ತಳತೆ ಸುಮಾರು ಒಂದೂವರೆ ಅಂಗುಲ ಹೆಚ್ಚುತ್ತದೆ. ಬೆಳೆಯುವ ಹುಡುಗಿಗೆ ಆ ಸಡಿಲು ಒಳ್ಳೆಯದೇ. ತಾಯಿ ೮೪ನ್ನೇ ಆರಿಸಿಕೊಂಡರೆ ಅದು ವಿವೇಕದ ಆಯ್ಕೆ.

ಉದ್ದದ ಲೆಕ್ಕ ಬೇರೆಯಾಗಿಯೇ ನಡೆಯಬೇಕು. ಹಳೆಯ ನೂಲಿನಲ್ಲಿ ಅಂಗುಲಕ್ಕೆ ೯ ಸಾಲು, ಹೊಸದರಲ್ಲಿ ೭. ಕಂಕುಳಿನವರೆಗಿನ ೧೨ ಅಂಗುಲಕ್ಕೆ ೧೦೮ ಸಾಲುಗಳ ಬದಲು ೮೪ ಸಾಕು. ತೋಳಿನ ಬಳಿ ಕುಣಿಕೆ ಇಳಿಸುವುದನ್ನೂ ಇದಕ್ಕೆ ಹೊಂದಿಸಿಕೊಳ್ಳಬೇಕು. ಗಮನಿಸತಕ್ಕ ಸಂಗತಿಯೆಂದರೆ, ಕುಣಿಕೆಗಳು ಕುಗ್ಗಿದ ಪ್ರಮಾಣದಲ್ಲಿಯೇ ಸಾಲುಗಳು ಕುಗ್ಗಿಲ್ಲ. ಪುಸ್ತಕದ ಹಂಸಕ್ಕೆ ೧೪ ಕುಣಿಕೆ, ೧೮ ಸಾಲು. ಸಣ್ಣ ನೂಲಿನಲ್ಲಿ ಅದು ಎರಡು ಅಂಗುಲದ ಚೌಕದಲ್ಲಿ ಕೂರುತ್ತಿತ್ತು. ದಪ್ಪ ನೂಲಿನಲ್ಲಿ ಅಗಲ ೨.೮ ಅಂಗುಲ, ಎತ್ತರ ೨.೬ ಅಂಗುಲಕ್ಕೂ ತುಸು ಕಡಿಮೆ. ಹಂಸ ಕುಳ್ಳಾಗಿ ಬಾತುಕೋಳಿಯನ್ನು ಹೋಲತೊಡಗುತ್ತದೆ.

ಇದಕ್ಕೆ ಮದ್ದು ಸುಲಭ. ತಾಯಿ ಚೌಕುಳಿ ಕಾಗದದ ಮೇಲೆ ಹಂಸವನ್ನು ಮತ್ತೆ ಬರೆದುಕೊಂಡು, ಅದರ ಕೊರಳಿಗೆ ಎರಡು ಸಾಲುಗಳನ್ನು ಸೇರಿಸುತ್ತಾಳೆ. ೨೦ ಸಾಲುಗಳಾದಾಗ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮನಾಗುತ್ತವೆ. ಬಳಿಕ ಕಡ್ಡಿಯನ್ನೆತ್ತಿಕೊಂಡು ಮೊದಲನೆಯ ಕುಣಿಕೆಯನ್ನು ಹಾಕುತ್ತಾಳೆ. ಎಂಬತ್ತನಾಲ್ಕರವರೆಗೆ ಮಗಳು ಎಣಿಸುತ್ತಾಳೆ.